ಲೀಟರಿಗೆ ಅರ್ಧ ಕಿಲೋಮೀಟರ್

ಲೀಟರ್ ಡೀಸೆಲ್ಲಿಗೆ ಅರ್ಧ ಕಿಲೋಮೀಟರ್ ಓಡುವ ಗಾಡಿ. ದಾರಿಯಲ್ಲಿ ಒಂದು ಬಂಕೂ ಇಲ್ಲ. ನಿಂತುಹೋದರೆ ಇಳಿದು ತಳ್ಳುವ ಹಾಗೂ ಇಲ್ಲ. ಅಂಥದ್ದರಲ್ಲಿ ನಿಮ್ಮ ಮನೆಯ ಹುಡುಗಿಯನ್ನು ಕಳಿಸುತ್ತೀರಾ? ಕಳಿಸುವುದಿಲ್ಲ ತಾನೆ? ನೀವು ಬುದ್ಧಿವಂತರು. ನಾವು ಕಳಿಸಿದೆವು.

ಗಾಡಿ ಅಂದೆ, ಅದು ಗಾಡಿಯಲ್ಲ, ಯಾಟ್. ನನ್ನ ಫೋನಿನಲ್ಲಿ ‘ಯಾಟ್’ ಎಂದು ಒತ್ತಿದರೆ ಅದು ತಾನಾಗಿಯೇ ‘ಯಾಕೆ’ ಎಂದು ತಿದ್ದುತ್ತದೆ. ಅದು ಕೇಳುವುದರಲ್ಲೂ ನ್ಯಾಯವಿದೆ. ನಾನೂ ಅದನ್ನೇ ಕೇಳಿ ಕೇಳಿ ಸಾಕಾದವಳು.

ನಾನು ಕೊಳ್ಳೇಗಾಲದ ಕಡೆಯ ನೇಕಾರರ ಮನೆಯಿಂದ ಕೊಯಮತ್ತೂರಿಗೆ ಸೊಸೆಯಾಗಿ ಬಂದವಳು. ಇಲ್ಲಿನ ನಮ್ಮವರು ಎಷ್ಟೋ ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಹಾಗಾಗಿ ನಮ್ಮ ಯಜಮಾನರ ಬಗ್ಗೆ ನಾನಿಲ್ಲಿ ಏನು ಬರೆದರೂ ಅವರಿಗೆ ಗೊತ್ತಾಗುವುದಿಲ್ಲ. ಎದುರಿಗೇ ಕೂತಿದ್ದಾರೆ, ಕೂತಿರಲಿ. ಈ ವಯಸ್ಸಿನಲ್ಲಿ ಒಂದೇ ಬೆರಳಿನಲ್ಲಿ ಟೈಪಿಂಗ್ ಕಲಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಯಜಮಾನರು ಪಲ್ಲಡಂ ಬಳಿ ಪವರ್‌ಲೂಮ್ ಶೆಡ್ ನಡೆಸಿದವರು. ಕರೆಂಟು ಕೈಕೊಟ್ಟ ಕಾಲದಲ್ಲಿ ಮಗ್ಗಗಳನ್ನು ಡೀಸೆಲ್ ಜನರೇಟರಿನಲ್ಲಿ ಓಡಿಸಿ ಓಡಿಸಿ ಅವರಿಗೆ ಒಂದು ರೋಗ ಹಿಡಿಯಿತು. ಎಲ್ಲಿ ಯಾವ ಇಂಜಿನ್ ಓಡಿದರೂ ತಮ್ಮದೇ ರಕ್ತ ಸುಡುತ್ತಿದೆ ಎಂಬ ಸಂಕಟ. ಶೆಡ್ ಮುಚ್ಚಿದರೂ ರೋಗ ಹೋಗಲಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಆಫ್. ಇಳಿಜಾರಿನಲ್ಲಿ ಆಫ್. ಬೇರೆಯವರು ಕಾರು ಓಡಿಸುತ್ತಿದ್ದರೂ ಪಕ್ಕದಲ್ಲಿ ಕೂತು “ಕಾಲು ಎತ್ತು, ಕಾಲು ಎತ್ತು” ಎಂಬ ಜಪ. ಆಕ್ಸಿಲರೇಟರಿನ ಮೇಲಿಂದ ಕಾಲು ಎತ್ತು ಎಂದು ಅರ್ಥ. ಒಮ್ಮೆ ಆನೈಮಲೈಯ ಮಾಸಾಣಿ ಅಮ್ಮನ ಗುಡಿಗೆ ಹೊರಟೆವು. ನಾವು ಮುಟ್ಟುವ ಹೊತ್ತಿಗೆ ಅನ್ನದಾನದ ಪಂಕ್ತಿ ಎದ್ದು ಎಲೆಗಳನ್ನೂ ತೆಗೆದಿದ್ದರು. ಆ ಗುಡಿಯಲ್ಲಿ ಅನ್ಯಾಯವಾದವರು ಕಲ್ಲಿನ ಮೇಲೆ ಮೆಣಸಿನಕಾಯಿ ಅರೆದು ಅಮ್ಮನಿಗೆ ದೂರು ಕೊಡುತ್ತಾರೆ. ಹಸಿದ ಹೊಟ್ಟೆಯಲ್ಲಿ ನಾನೂ ಕಲ್ಲಿನ ಮುಂದೆ ಕೂತೆ. ಪಕ್ಕದಲ್ಲಿ ಅರೆಯುತ್ತಿದ್ದ ಹೆಂಗಸು ಕನಿಕರದಿಂದ ಕೇಳಿದಳು, ಯಾರ ಮೇಲಮ್ಮಾ ಎಂದು. ಗಾಡಿ ಓಡಿಸಿಕೊಂಡು ಬಂದವರ ಮೇಲೆ ಎಂದೆ.

ಇಂಥವರ ಮೊಮ್ಮಗಳು ಹೋಗಿ ಹೋಗಿ ಹಡಗಿನ ಇಂಜಿನ್ ಓದಿದಳು. ನನ್ನ ಮಗಳ ಮಗಳು. ಈ ಕಡೆಯ ರೂಢಿಯಂತೆ ನನ್ನನ್ನು ಅಮ್ಮುಚ್ಚಿ, ಯಜಮಾನರನ್ನು ಅಪ್ಪುಚ್ಚಿ ಎನ್ನುತ್ತಾಳೆ. ಮೊದಲು ಸರಕಿನ ಹಡಗಿನಲ್ಲಿದ್ದಳು, ಆಮೇಲೆ ಈ ಯಾಟಿಗೆ ಸೇರಿದಳು. ಯಾಟ್ ಎಂದರೆ ಹಾಯಿ ಕಟ್ಟಿಕೊಂಡು ಬರೀ ಗಾಳಿಯಲ್ಲಿ ಹೋಗುವಂಥದ್ದು, ಖರ್ಚೇ ಇಲ್ಲ ಎಂದು ಯಜಮಾನರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಇದರಲ್ಲಿ ಹಾಯಿಯೇ ಇಲ್ಲ, ಬರೀ ಇಂಜಿನ್ ಎಂದು ಗೊತ್ತಾದ ದಿನ ಅವರಿಗೆ ಊಟ ಸೇರಲಿಲ್ಲ.

ಅದು ಯಾರೋ ದೊಡ್ಡ ಶ್ರೀಮಂತರ ತೇಲುವ ಬಂಗಲೆ. ರಿಪೇರಿಗೆಂದು ಕೊಚ್ಚಿಗೆ ಬಂದಿತ್ತು. ಅಲ್ಲಿಂದ ಹಿಂದೂ ಮಹಾಸಾಗರ ದಾಟಿ ಸೇಶೆಲ್ಸ್ ದ್ವೀಪಗಳಿಗೆ ಹೋಗಬೇಕು. ಒಡೆಯರ ಅತಿಥಿಗಳು ವಿಮಾನದಲ್ಲಿ ಅಲ್ಲಿಗೆ ಬಂದು ಹತ್ತುತ್ತಾರಂತೆ. ಹಳೆಯ ಇಂಜಿನಿಯರ್ ಕೆಲಸ ಬಿಟ್ಟಿದ್ದರಿಂದ ಕ್ಯಾಪ್ಟನ್ನರು ಇಂಜಿನ್ ರೂಮನ್ನು ನಮ್ಮ ಹುಡುಗಿಗೆ ವಹಿಸಿದರು, ತಾತ್ಕಾಲಿಕವಾಗಿ. ಕರಾರು ಒಂದೇ. ಡೀಸೆಲ್ಲಿಗೆಂದು ದಾರಿಯಲ್ಲಿ ಎಲ್ಲೂ ನಿಲ್ಲಬಾರದು, ಆಪತ್ತಿಗೆಂದು ಮೀಸಲಿಟ್ಟ ಐದರಲ್ಲಿ ಒಂದು ಪಾಲನ್ನು ಮುಟ್ಟಬಾರದು. ಹಾಗೆ ದಡ ಮುಟ್ಟಿಸಿದರೆ ಕೆಲಸ ಖಾಯಂ. ಆಗದಿದ್ದರೆ ಮಾಲ್ಡೀವ್ಸಿನಲ್ಲಿ ಇಳಿಸಿ ವಿಮಾನದ ಟಿಕೆಟ್ ಕೈಗೆ ಕೊಡುತ್ತೇನೆ ಎಂದರಂತೆ.

ಇದನ್ನು ಕೇಳಿ ನನ್ನ ಮಗಳು, ಅಂದರೆ ಹುಡುಗಿಯ ತಾಯಿ, ತಿರುಪ್ಪೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದು ಕೂತಳು.

“ಟಿಕೆಟ್ ಕೊಟ್ಟು ಕಳಿಸ್ಲಿ ಅವ್ವಾ, ಒಳ್ಳೇದೇ ಆತು. ನಮ್ಮನೆಯವರ ಬನಿಯನ್ ಕಂಪನೀಲೇ ಮಿಷಿನ್ ನೋಡ್ಕೊಳ್ಳೋ ಕೆಲ್ಸ ಇದೆ. ಬೆಳಿಗ್ಗೆ ಹೋಗಿ ಸಾಯಂಕಾಲ ಮನೆಗೆ ಬರಬೋದು.”

“ಅವಳಿಗೆ ಆ ಕೆಲಸ ಬೇಕಲ್ಲ?”

“ಅವಳಿಗೆ ಏನ ತಿಳೀತಾದ? ನೀನು ದಾನೆ ಅವಳ್ನ ಕೆಡಿಸಿದ್ದು!”

ನಿಜವೇ. ಮನೆಯಲ್ಲಿ ಎಲ್ಲರೂ ಬೇಡ ಎಂದಾಗ ಹೋಗಲಿ ಬಿಡಿ ಎಂದವಳು ನಾನೊಬ್ಬಳೇ. ಅವಳು ಖಾಯಂ ಆದರೆ ನನ್ನ ಮಾತು ಉಳಿಯುತ್ತದೆ, ಇಲ್ಲದಿದ್ದರೆ ಆಯುಷ್ಯ ಪೂರ್ತಿ ಮಗಳ ಬಾಯಲ್ಲಿ ಅರೆಸಿಕೊಳ್ಳಬೇಕು.

ಬೋಟು ಹೊರಡುವ ಮುಂಚೆ ಒಮ್ಮೆ ನೋಡಿ ಬರೋಣವೆಂದು ಮೂವರೂ ಕಾರಿನಲ್ಲಿ ಕೊಚ್ಚಿಗೆ ಹೊರಟೆವು. ಓಡಿಸಿದವರು ಯಾರು ಎಂದು ಕೇಳಬೇಡಿ. ವಾಳೆಯಾರ್ ದಾಟಿ ಪಾಲಕ್ಕಾಡಿನ ಹೆದ್ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕದ ವಾಹನವೇ ಇರಲಿಲ್ಲ.

“ಏನುಂಗ, ತೆಂಗಿನಕಾಯಿ ಲಾರಿನೂ ಮುಂದ ಹೋತು,” ಎಂದೆ.

“ಅವನು ಡ್ರೈವರ್. ಡೀಸಲ್ ಓನರ್ದು. ಅವನಿಗೇನ ನೋವು?”

“ಏಸಿನಾದ್ರೂ ಹಾಕಿ.”

“ಕಿಟಕಿ ತೆಗೆ. ಗಾಳಿ ಬರ್ತಾದ.”

“ನೀವು ಹೋಗೋ ಸ್ಪೀಡ್ಗೆ ಗಾಳಿ ಎಲ್ಲಿಂದ ಬರ್ತಾದ? ಅದು ಬೇಕಾದ್ರ ಇಳಿದು ನಡೆದು ಮುಂದ ಹೋಗ್ತಾದ.”

ಹಿಂದಿನ ಸೀಟಿನಿಂದ ಮಗಳು ಹೇಳಿದಳು, “ಅವ್ವಾ, ಸುಮ್ಮ ಇರು. ಅಪ್ಪ ಜೋರಾಗಿ ಓಡಿಸಿದ್ರ ಇಂಜಿನ್ ಸದ್ದಲ್ಲಿ ನಿನ್ನ ಬೈಗುಳ ಅವರಿಗೆ ಕೇಳಲ್ಲ. ಅದಕ್ಕೇ ನಿಧಾನ.”

ಯಜಮಾನರು ನಕ್ಕರು. ನಗುವಾಗಲೂ ಕಾಲು ಎತ್ತಿದರು.

ಬೋಟು ಹತ್ತುವ ಮುಂಚೆ ಚಪ್ಪಲಿ ಬಿಡಿ ಎಂದರು. ಪರವಾಗಿಲ್ಲ, ಒಳ್ಳೆಯ ಸಂಪ್ರದಾಯ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಭಕ್ತಿಗಲ್ಲ, ಮರದ ನೆಲ ಗೀರು ಬೀಳುತ್ತದೆ ಎಂದು. ಮೊಮ್ಮಗಳು ನೀಲಿ ಅಂಗಿ ತೊಟ್ಟು, ಕೂದಲು ಗಂಟು ಕಟ್ಟಿ, ಕೈಯಲ್ಲಿ ಗ್ರೀಸಿನ ಬಟ್ಟೆ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಕ್ಯಾಪ್ಟನ್, ಬಿಸಿಲಿಗೆ ಕೆಂಪಾದ ಹೊರದೇಶದ ಮನುಷ್ಯ. ಯಜಮಾನರು ಕೈಮುಗಿದವರೇ, ಕುಶಲ ಇಲ್ಲ, ಏನಿಲ್ಲ, ತಮಗೆ ತಿಳಿದ ಇಂಗ್ಲಿಷಿನಲ್ಲಿ ಕೇಳಿಬಿಟ್ಟರು.

“ಹೌ ಮಚ್ ಗಿವಿಂಗ್, ಸಾರ್?”

ನಮ್ಮಲ್ಲಿ ಯಾರನ್ನು ಕೇಳಿದರೂ ಗೊತ್ತಾಗುತ್ತದೆ, ಗಾಡಿ ಲೀಟರಿಗೆ ಎಷ್ಟು ಕೊಡುತ್ತೆ ಎಂದು ಅರ್ಥ. ಪಾಪ, ಆ ಮನುಷ್ಯನಿಗೆ ಏನು ಗೊತ್ತು? ಹುಡುಗಿಗೆ ಎಷ್ಟು ಸಂಬಳ ಕೊಡುತ್ತೀಯ ಎಂದು ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಮುಖ ಬಿಗಿದರು. ಮೊಮ್ಮಗಳು ನಡುವೆ ಬಂದು ಮೈಲೇಜ್ ಕೇಳುತ್ತಿದ್ದಾರೆ ಎಂದು ಬಿಡಿಸಿ ಹೇಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಧಾನವಾಗಿ ಹೋದರೆ ಲೀಟರಿಗೆ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎಂದರು. ಯಜಮಾನರು ಅಲ್ಲೇ ಇದ್ದ ಬಿಳಿ ಸೋಫಾದ ಮೇಲೆ ಕೂತುಬಿಟ್ಟರು.

“ಕಣ್ಣು,” ಎಂದರು ಮೊಮ್ಮಗಳಿಗೆ ಮುದ್ದಿನಿಂದ, ದನಿ ಇಳಿಸಿ. “ಇದು ಕಟ್ಟುಪಡಿ ಆಗಲ್ಲ, ಗಿಟ್ಟಲ್ಲ. ನಡೆದು ಹೋಗೋದೇ ವಾಸಿ.”

“ಸಮುದ್ರದ ಮೇಲ ಹೆಂಗ ಅಪ್ಪುಚ್ಚಿ ನಡೆದು ಹೋಗೋದು?”

ಆಮೇಲೆ ಅವಳು ಇಂಜಿನ್ ರೂಮಿಗೆ ಕರೆದುಕೊಂಡು ಹೋದಳು. ನಮ್ಮ ಪೂಜೆಯ ಕೋಣೆಗಿಂತ ಚೊಕ್ಕಟವಾಗಿತ್ತು. ನಮ್ಮ ಮಹಡಿಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ಇದೆಯಲ್ಲ, ಅಂಥವು ಎಂಟು ತುಂಬುವಷ್ಟು ಡೀಸೆಲ್ಲು ಬೋಟಿನ ಹೊಟ್ಟೆಯಲ್ಲಿತ್ತು. ಎಂಟು ನಾಟ್ ವೇಗದಲ್ಲಿ ಹೋದರೆ ಸಾಲುತ್ತದೆ, ಹತ್ತು ನಾಟಿನಲ್ಲಿ ಹೋದರೆ ಅರ್ಧ ದಾರಿಯಲ್ಲಿ ಮುಗಿಯುತ್ತದೆ ಎಂದಳು.

“ನಾಟ್ ಅಂದ್ರ ಏನ?”

“ಗಂಟು, ಅಮ್ಮುಚ್ಚಿ. ಸಮುದ್ರದಲ್ಲಿ ವೇಗಕ್ಕೆ ಹಂಗ ಹೇಳ್ತಾರ. ಗಂಟೆಗೆ ಎಂಟು ಗಂಟು.”

“ನಮ್ಮ ಮಗ್ಗದಲ್ಲಿ ಗಂಟೆಗೆ ಎಂಟು ಗಂಟು ಬಿದ್ದಿದ್ರ ನೂಲು ಕೊಟ್ಟವನ್ನ ಓಡಿಸ್ತಿದ್ವಿ.”

ಎಂಟಕ್ಕೂ ಹತ್ತಕ್ಕೂ ಇಷ್ಟು ಅಂತರ ಯಾಕೆ ಎಂದು ಯಜಮಾನರು ಬಿಡದೆ ಕೇಳಿದರು. ರಸ್ತೆಯಾದರೆ ಗಾಡಿಯ ಕೆಳಗೆ ಸುಮ್ಮನೆ ಬಿದ್ದಿರುತ್ತದೆ. ನೀರು ಹಾಗಲ್ಲ, ಬೋಟು ಮುಂದೆ ಹೋಗಲು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಿದ ನೀರು ಅಲೆಯಾಗುತ್ತದೆ, ಒಂದು ಮಿತಿ ಮೀರಿ ಒತ್ತಿದರೆ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಹಿಂಭಾಗ ಕುಸಿಯುತ್ತದೆ, ಡೀಸೆಲ್ಲೆಲ್ಲ ಆ ಅಲೆಗೇ ಹೋಗುತ್ತದೆ ಎಂದಳು. ಯಜಮಾನರಿಗೆ ಅರ್ಧ ಅರ್ಥವಾಯಿತು. ನನಗೆ ಪೂರ್ತಿ ಆಯಿತು. ಹೊಳೆಯಲ್ಲಿ ಸೊಂಟದವರೆಗೆ ಇಳಿದು ಸೀರೆಯಲ್ಲಿ ನಡೆದ ಹೆಂಗಸಿಗೆ ಇದನ್ನು ಹೇಳಿಕೊಡಬೇಕೆ? ಮೆಲ್ಲಗೆ ಹೆಜ್ಜೆ ಇಟ್ಟರೆ ನೀರು ದಾರಿ ಬಿಡುತ್ತದೆ. ಅವಸರ ಮಾಡಿದರೆ ಸೀರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತದೆ.

ವಾಪಸು ಬರುವಾಗ ದಾರಿಯುದ್ದಕ್ಕೂ ಯಜಮಾನರದ್ದು ಒಂದೇ ಮಾತು. “ನೋಡ್ದಿಯಾ? ಕ್ಯಾಪ್ಟನ್ನೇ ಹೇಳಿದ್ರು. ನಿಧಾನದಾನ್ ಒಳ್ಳೇದು.” ಅಂದು ಮನೆ ಮುಟ್ಟಿದಾಗ ನನ್ನ ಸೊಂಟ ನನ್ನದಾಗಿರಲಿಲ್ಲ.

ಬೋಟು ಹೊರಟಿತು. ನಡುಸಮುದ್ರದಿಂದ ಫೋನು ಮಾಡಲಾಗದು, ದಿನಕ್ಕೊಮ್ಮೆ ಸ್ಯಾಟಲೈಟಿನ ಮೂಲಕ ಚಿಕ್ಕ ಸಂದೇಶ ಬರುತ್ತದೆ, ಅಷ್ಟೇ. ಮನೆಯಲ್ಲಿ ಸದಾ ಫೋನು ಹಿಡಿದು ಕೂತಿರುವವಳು ನಾನೇ ಎಂದು ಆ ಸಂದೇಶ ನನ್ನ ನಂಬರಿಗೇ ಬರುತ್ತಿತ್ತು. ನಮ್ಮ ಮನೆಯ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ, ನನ್ನ ಉತ್ತರವೂ ಹಾಗೇ. ನಾನು ಕೂಡಿಸಿ ಕೂಡಿಸಿ ಓದುವುದು, ಇವರಿಬ್ಬರೂ ಎರಡು ಕಡೆ ಕೂತು ಬೇಗ ಓದು, ಬೇಗ ಓದು ಎಂದು ಪ್ರಾಣ ತಿನ್ನುವುದು.

ಮೊದಲ ಕೆಲವು ದಿನ ಎಲ್ಲ ಸುಸೂತ್ರ. ಎಂಟು ನಾಟ್, ಸಮುದ್ರ ಶಾಂತ, ಊಟ ಆಯಿತು. ಒಂದು ಸಾಯಂಕಾಲ ಬಂತು: “ಇವತ್ತು ಮಾಲ್ಡೀವ್ಸ್ ದಾಟ್ತಾ ಇದ್ದೀವಿ. ನಿಲ್ಲಬೇಕಾ ಅಂತ ಕ್ಯಾಪ್ಟನ್ ಕೇಳಿದ್ರು. ಬೇಡ ಅಂತ ಹೇಳ್ದೆ.” ಮಗಳು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದಿನಲ್ಲೇ ಅವಳ ಮನಸ್ಸು ತಿಳಿಯಿತು. ಇನ್ನು ಮುಂದೆ ಸೇಶೆಲ್ಸಿನವರೆಗೆ ಬರೀ ನೀರು.

ಸರಿಯಾಗಿ ಅದರ ಮರುದಿನವೇ ಎದುರುಗಾಳಿ, ಎದುರು ಹರಿವು. ಇಂಜಿನ್ ಅಷ್ಟೇ ಕುಡಿಯುತ್ತದೆ, ಬೋಟು ಮಾತ್ರ ಆರು ನಾಟಿನಲ್ಲಿ ತೆವಳುತ್ತದೆ. ಯಜಮಾನರಿಗೆ ಹುಚ್ಚು ಹಿಡಿಯಿತು ಅನ್ನಬೇಕು. ನಡುಮನೆಯ ಫ್ಯಾನ್ ಆರಿಸಿದರು. ಮಿಕ್ಸಿ ಬೇಡ, ಒರಳಲ್ಲಿ ಅರೆ ಎಂದರು.

“ಏನುಂಗ, ಇಲ್ಲಿ ಫ್ಯಾನ್ ಆರಿಸಿದ್ರ ಅಲ್ಲಿ ಡೀಸಲ್ ಮಿಗ್ತಾದಾ?”

“ಒಂದು ಮನಸ್ಸು ಬೇಡ್ವಾ?”

“ಮನಸ್ಸು ನಿಮ್ದು, ಬೆವರು ನಂದಾ?”

ನನ್ನಿಂದ ಸಲಹೆಗಳನ್ನೂ ಟೈಪ್ ಮಾಡಿಸಿದರು. ಅಲೆ ಇಳಿಯುವಾಗ ನ್ಯೂಟ್ರಲ್ಲಿಗೆ ಹಾಕಲು ಹೇಳು. ಏರ್ ಫಿಲ್ಟರ್ ತೊಳೆಯಲು ಹೇಳು. ನಾನು ಟೈಪ್ ಮಾಡುವ ಹಾಗೆ ನಟಿಸಿ ನನ್ನ ತಂಗಿಗೆ ಒಬ್ಬಟ್ಟಿನ ಅಳತೆ ಕಳಿಸಿದೆ. ಅವರಿಗೆ ಏನು ಗೊತ್ತಾಗಬೇಕು?

ಆದರೆ ಮಾರನೆಯ ದಿನ ಮೊಮ್ಮಗಳ ಸಂದೇಶ ನೋಡಿದರೆ, ಅವಳೂ ಬೋಟಿನಲ್ಲಿ ಮಲಗುವ ಕೋಣೆಗಳ ಏಸಿಯನ್ನೆಲ್ಲ ಆರಿಸಿದ್ದಾಳಂತೆ! ಬೋಟಿನ ಲೈಟಿಗೂ ಏಸಿಗೂ ಬೇರೆ ಜನರೇಟರ್, ಅದೂ ಅದೇ ಡೀಸೆಲ್ಲನ್ನೇ ಕುಡಿಯುತ್ತದಂತೆ. ಹಡಗಿನವರೆಲ್ಲ ಬೆವರಿಳಿಸಿಕೊಂಡು ತನ್ನನ್ನು ಶಪಿಸುತ್ತಿದ್ದಾರೆ ಎಂದು ಬರೆದಿದ್ದಳು. ಇದನ್ನು ಓದಿ ಹೇಳಿದ್ದು ನನ್ನ ತಪ್ಪು. ಯಜಮಾನರು ಎದ್ದು ಬೆಡ್‌ರೂಮಿನ ಫ್ಯಾನನ್ನೂ ಆರಿಸಿದರು.

ಅದರ ಮುಂದಿನ ದಿನ ಬಂದದ್ದು ಎರಡೇ ಸಾಲು. “ರಿಸರ್ವ್ ವಿಷಯ. ಕ್ಯಾಪ್ಟನ್ ಜೊತೆ ಸಂಡೆ. ಆಮೇಲೆ ಹೇಳ್ತೀನಿ.”

ಮಗಳು ಫೋನು ಕಿತ್ತುಕೊಂಡಳು. “ಕ್ಯಾಪ್ಟನ್ ಜೊತೆ ಸಂಡೆನಾ? ಭಾನುವಾರ ಅವನ ಜೊತೆ ಇವಳಿಗೇನ ಕೆಲಸ?”

“ಅಯ್ಯೋ, ಭಾನುವಾರ ಅಲ್ವೇ. ಸಂಡೆ, ಸಂಡೆ! ತಮಿಳಿನ ಸಂಡೆ. ಜಗಳ!”

ಜಗಳ ಎಂದ ಮೇಲೆ ಅವಳಿಗೆ ಸಮಾಧಾನವಾಯಿತು. ಆದರೆ ಯಜಮಾನರು ಆ ಹೊತ್ತಿಗೆ ಗೋಡೆಗೆ ಒರಗಿದ್ದರು. ಅವರು ಕೇಳಿಸಿಕೊಂಡದ್ದು ಒಂದೇ ಪದ. ರಿಸರ್ವ್.

ನಮ್ಮ ಮನೆಯಲ್ಲಿ ಆ ಪದಕ್ಕೆ ಒಂದೇ ಅರ್ಥ. ಹಳೆಯ ಸ್ಕೂಟರು ರಸ್ತೆಯ ನಡುವೆ ಕೆಮ್ಮಿ ನಿಲ್ಲುತ್ತದೆ, ಯಜಮಾನರು ಕೆಳಗೆ ಕೈ ಹಾಕಿ ಗುಂಡಿ ತಿರುಗಿಸುತ್ತಾರೆ, ‘ರಿಸರ್ವ್‌ಗೆ ಬಂತು’ ಎನ್ನುತ್ತಾರೆ. ಅಂದರೆ ಮುಗಿಯಿತು. ಇನ್ನು ಮುಂದಿನ ಬಂಕಿನವರೆಗೆ ದೇವರು ಬಿಟ್ಟ ದಾರಿ.

“ರಿಸರ್ವ್‌ಗೆ ಬಂದುಬಿಡ್ತು,” ಎಂದರು. “ನಡುಸಮುದ್ರದಲ್ಲಿ ರಿಸರ್ವ್‌ಗೆ ಬಂತು ಕಣ್ಣು.”

ನಾನೂ ಹೆದರಿದೆ, ಸುಳ್ಳು ಯಾಕೆ? ಮಗಳು ಅಳತೊಡಗಿದಳು. ಯಜಮಾನರು ವೆಳ್ಳಕೋಯಿಲ್‌ನಲ್ಲಿರುವ ತಮ್ಮನಿಗೆ ಫೋನು ಹಚ್ಚಿದರು. ನನ್ನ ಮೈದುನ ಬೈಕಿನ ಬಿಡಿಭಾಗದ ಅಂಗಡಿ ಇಟ್ಟವನು, ಆದ್ದರಿಂದ ಜಗತ್ತಿನ ಎಲ್ಲ ಇಂಜಿನ್ನುಗಳ ವೈದ್ಯ. ಪೂರ್ತಿ ಕೇಳಿಸಿಕೊಳ್ಳದೆ ಫೋನಿನಲ್ಲೇ ಕೂಗಿದ.

“ಅತ್ಗೆ, ಹೆದರ್ಬೇಡಿ! ಬೋಟ್ನ ಸಾಯ್ಸಕ್ಕೆ ಹೇಳಿ!”

“ಏನಯ್ಯಾ ಅದು ಬಾಯಲ್ಲಿ! ಹುಡುಗಿ ಅದರೊಳಗ ಇದ್ದಾಳ, ಸಾಯ್ಸು ಅಂತೀಯಲ್ಲ!”

“ಅಯ್ಯೋ ನಿಮ್ಮ ಕೊಳ್ಳೇಗಾಲದ ಕನ್ನಡಕ್ಕ ಬೆಂಕಿ ಹಾಕ! ಸಾಯ್ಸೋದು ಅಂದ್ರ ಓರೆ ಮಾಡೋದು. ತಮಿಳು ಮಾತು ಅದು. ಸ್ಕೂಟರ್ ಪೆಟ್ರೋಲ್ ತೀರಿದ್ರ ಒಂದು ಪಕ್ಕಕ್ಕ ಬಗ್ಗಿಸ್ತೀವಲ್ಲ, ಮೂಲೇಲಿ ನಿಂತದ್ದೆಲ್ಲ ಹರಿದು ಬರ್ತಾದ. ಹಂಗ ಬೋಟ್ನ ಸಾಯ್ಸಿ ಸ್ಟಾರ್ಟ್ ಮಾಡ್ಲಿ.”

ಎಂಟು ಸಾವಿರ ಲೀಟರಿನ ಹೊಟ್ಟೆಯ ಬೋಟನ್ನು ಸಮುದ್ರದಲ್ಲಿ ಒಂದು ಪಕ್ಕಕ್ಕೆ ಬಗ್ಗಿಸಬೇಕಂತೆ. ಇದನ್ನು ಕೇಳಿದರೆ ಯಾರಾದರೂ ನಗಬೇಕು. ಯಜಮಾನರು ನಗಲಿಲ್ಲ. “ಬರೆ, ಬರೆ, ಅವನು ಹೇಳಿದ್ದನ್ನ ಬರೆ,” ಎಂದು ನನ್ನ ಮೊಣಕೈ ಹಿಡಿದು ಅಲುಗಿಸಿದರು. ಈ ಸಲ ಒಬ್ಬಟ್ಟಿನ ಅಳತೆ ಕಳಿಸು ಎಂದು ನನ್ನ ಮನಸ್ಸೂ ಹೇಳಲಿಲ್ಲ. ಬರೆದೆ. ಕಳಿಸಿದೆ.

ಉತ್ತರವಿಲ್ಲ. ಫೋನನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಕೂತೆವು, ಯಾರೂ ತಿನ್ನಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಫೋನು ಗುಣುಗುಟ್ಟಿತು. ನಾನು ಕೈ ಒರೆಸಿಕೊಳ್ಳದೆ ಹಿಡಿದೆ.

“ಸಾಯ್ಸಕ್ಕೆ ಇದು ಸ್ಕೂಟರ್ ಅಲ್ಲ ಅಮ್ಮುಚ್ಚಿ. ರಿಸರ್ವ್ ಅಂದ್ರ ಮುಟ್ಟದೆ ಇಟ್ಟಿರೋ ಪಾಲು. ಅದು ಹಂಗೇ ಇದೆ. ಅತಿಥಿಗಳು ಬರೋ ದಿನಕ್ಕೆ ತಡ ಆಗ್ತಾ ಇದೆ. ಒಡೆಯರ ಮ್ಯಾನೇಜರ್ ಒತ್ತಾಯ. ಅದನ್ನ ಸುಟ್ಟು ಜೋರಾಗಿ ಹೋಗೋಣ ಅಂತ ಕ್ಯಾಪ್ಟನ್. ಆಗಲ್ಲ ಅಂದೆ. ಹತ್ತು ನಾಟ್ ಹೋದ್ರ ಇನ್ನೂ ಎದುರುಗಾಳಿ ಇದ್ರ ದಡ ಸಿಗಲ್ಲ. ಇನ್ನೂ ಮುಗಿದಿಲ್ಲ ಜಗಳ.” ಕೆಳಗೆ ಬೇರೆ ಸಾಲು. “ಭಯ ಆಗ್ತಾದ ಅಮ್ಮುಚ್ಚಿ.”

ಆ ಹುಡುಗಿ ಚಿಕ್ಕವಳಿದ್ದಾಗ ಗೂಳಿ ಅಟ್ಟಿಸಿಕೊಂಡು ಬಂದಾಗಲೂ ಭಯ ಎಂದವಳಲ್ಲ. ನನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಇವಳನ್ನು ಕಳಿಸಿ ಎಂದವಳು ನಾನು. ಈಗ ಆ ದೊಡ್ಡ ಮನುಷ್ಯನ ಮಾತು ಕೇಳು ಎನ್ನಲೇ, ಕೇಳಬೇಡ ಎನ್ನಲೇ? ಇಂಜಿನ್ನಿನ ವಿಷಯ ನನಗೇನು ಗೊತ್ತು? ಯಜಮಾನರನ್ನು ನೋಡಿದೆ. ಇವರು ಈಗ ಏರ್ ಫಿಲ್ಟರ್ ತೊಳೆಯಲು ಹೇಳಿದರೆ ಕಾಫಿಯ ಡಬರಿಯನ್ನೇ ಎಸೆಯುತ್ತಿದ್ದೆ.

ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು. ಆಮೇಲೆ, “ಅವಳ ಲೆಕ್ಕ ಸರಿಯಾಗಿದೆ. ಕಾಲು ಎತ್ತು ಅಂತ ಬರೆ,” ಎಂದರು.

“ಅಷ್ಟೇದಾನಾ?”

“ಅಷ್ಟೇ. ಅವಳಿಗೆ ತಿಳೀತಾದ.”

‘ಕಾಲು ಎತ್ತು ಕಣ್ಣು, ಅಪ್ಪುಚ್ಚಿ ಹೇಳಿದ್ದು’ ಎಂದು ಬರೆದೆ. ಈ ಸಲ ಫೋನು ಒಂದಕ್ಷರವನ್ನೂ ತಿದ್ದಲಿಲ್ಲ. ಮಗಳು ಮಾತ್ರ ಇಬ್ಬರ ಮೇಲೂ ಹರಿಹಾಯ್ದಳು.

“ದೊಡ್ಡವರ ಹತ್ರ ಜಗಳ ಆಡೋಕ್ಕ ನೀವೇ ಹೇಳಿಕೊಡ್ತೀರಾ? ಕೆಲಸ ಹೋದ್ರ?”

“ಹೋದ್ರ ನಿನಗೆ ಒಳ್ಳೇದೇ ದಾನೆ? ಬನಿಯನ್ ಕಂಪನಿ ಇದೆಯಲ್ಲ,” ಎಂದೆ ನಾನು.

ಅವಳು ಎದ್ದು ಹೋಗಿ ಬಟ್ಟೆ ಒಗೆಯತೊಡಗಿದಳು, ಒಗೆದ ಬಟ್ಟೆಯನ್ನೇ.

ಆಮೇಲಿನದ್ದನ್ನು ಉದ್ದ ಮಾಡುವುದಿಲ್ಲ. ಮೊಮ್ಮಗಳು ಪಟ್ಟು ಬಿಡಲಿಲ್ಲ. ಕ್ಯಾಪ್ಟನ್ನರು ಗೊಣಗಿದರು, ಊಟಕ್ಕೆ ಅವಳ ಜೊತೆ ಕೂರಲಿಲ್ಲ, ಆದರೆ ವೇಗ ಏರಿಸಲೂ ಇಲ್ಲ. ಆರು, ಆರೂವರೆ. ಹಾಗೇ ತೆವಳಿದರು. ಸಾಗರದ ಆ ಪಟ್ಟಿ ದಾಟಿದ ಮೇಲೆ ಗಾಳಿ ಬಿದ್ದುಹೋಯಿತು, ಬೋಟು ತಾನಾಗಿಯೇ ಮತ್ತೆ ಎಂಟಕ್ಕೆ ಬಂತು. ದ್ವೀಪ ಕಾಣುವಾಗ ಒಂದು ದಿನ ತಡವಾಗಿತ್ತು. ಅತಿಥಿಗಳು ಹೋಟೆಲಿನಲ್ಲಿ ಕಾದು ಮುಖ ಊದಿಸಿಕೊಂಡಿದ್ದರಂತೆ. ಮ್ಯಾನೇಜರು ಕ್ಯಾಪ್ಟನ್ನಿಗೆ ಬೈದನಂತೆ. ಮೀಸಲು ಡೀಸೆಲ್ಲು ಮಾತ್ರ ಇಟ್ಟ ಹಾಗೇ ಇತ್ತು.

ಆ ದಿನ ವಿಡಿಯೋ ಕಾಲಿನಲ್ಲಿ ಅವಳ ಮುಖ ಕಂಡೆವು. ಕರ್ರಗಾಗಿದ್ದಳು, ತುಟಿ ಒಡೆದಿತ್ತು, ಕಿವಿಯಿಂದ ಕಿವಿಯವರೆಗೆ ನಗು.

“ಕ್ಯಾಪ್ಟನ್ ಏನ ಹೇಳಿದ್ರು?” ಎಂದೆ.

“ಮೊದಲು ಚೆನ್ನಾಗಿ ಬೈದ್ರು, ಅಮ್ಮುಚ್ಚಿ. ನಿನ್ನಂಥ ಮೊಂಡಿನ ನೋಡಿಲ್ಲ ಅಂದ್ರು. ಆಮೇಲ, ಕಟ್ಟಿದ ಬ್ಯಾಗು ಬಿಚ್ಚು, ಎಲ್ಲೂ ಹೋಗಬೇಡ ಅಂದ್ರು.”

“ಖಾಯಮ್ಮಾ?”

“ಖಾಯಂ.”

ಯಜಮಾನರು ಫೋನು ಕಿತ್ತುಕೊಂಡು ದಾರಿಯ ಒಟ್ಟು ಸರಾಸರಿ ಕೇಳತೊಡಗಿದರು. ಅಲ್ಲಿಂದ ಇಲ್ಲಿಯವರೆಗೆ ನನಗೆ ನೆಮ್ಮದಿಯಿಲ್ಲ. ಹಾಲಿನವನಿಗೂ, ಇಸ್ತ್ರಿಯವನಿಗೂ, ಗೇಟಿನಲ್ಲಿ ಸಿಕ್ಕವರಿಗೂ ಹೇಳುತ್ತಾರೆ, ತಾವಿಲ್ಲಿ ಕುರ್ಚಿಯಲ್ಲಿ ಕೂತು ಎರಡೇ ಮಾತಿನಲ್ಲಿ ಹಡಗನ್ನು ಹಿಂದೂ ಮಹಾಸಾಗರ ದಾಟಿಸಿದ್ದನ್ನು. ಫ್ಯಾನ್ ಹಾಕಲು ಈಗಲೂ ಬಿಡುವುದಿಲ್ಲ, ಸಾಕ್ಷಿ ಸಿಕ್ಕಿದೆಯಂತೆ. ಮೈದುನ ಮಾತ್ರ, ಸಾಯಿಸಿದ್ದರೆ ಇನ್ನೂ ಬೇಗ ಹೋಗಬಹುದಿತ್ತು ಎನ್ನುತ್ತಾನೆ.

ಮಗಳು ತಿರುಪ್ಪೂರಿಗೆ ಹೊರಡುವ ಮುಂಚೆ ಕಾರಮಡೈಯ ರಂಗನಾಥರ ಗುಡಿಗೆ ಹೋಗಬೇಕು, ಹರಕೆ ಇದೆ ಎಂದಳು. ಇಬ್ಬರೇ ಬಸ್ಸಿನಲ್ಲಿ ಹೋದೆವು. ಬಸ್ಸಿನ ಡ್ರೈವರು ಕಾಲು ಎತ್ತದೆ ಓಡಿಸಿದ. ಅಷ್ಟು ಸುಖವಾಗಿ ನಾನು ಎಲ್ಲಿಗೂ ಹೋಗಿರಲಿಲ್ಲ. ಗುಡಿಯಲ್ಲಿ ಅವಳು ತುಪ್ಪದ ದೀಪ ಹಚ್ಚಿ, ಬಾಳೆಹಣ್ಣಿನ ದೊಡ್ಡ ಗೊನೆಯನ್ನೇ ಒಪ್ಪಿಸಿ, ಕಣ್ಣು ಮುಚ್ಚಿ ನಿಂತಳು. ನನಗೆ ನಾಲಿಗೆ ಕಡಿಯುತ್ತಿತ್ತು, ಕೆಣಕದಿದ್ದರೆ ಪ್ರಸಾದ ಇಳಿಯುವಂತಿರಲಿಲ್ಲ. ಕಲ್ಲಿನ ಜಗಲಿಯ ಮೇಲೆ ಕೂತು ಸಕ್ಕರೆಪೊಂಗಲ್ ಬಿಚ್ಚುತ್ತ ಶುರು ಮಾಡಿದೆ.

“ಹುಡುಗಿ ಮನೆಗೆ ಬರ್ಲಿ ಅಂತ ಕೂತಿದ್ದವಳು ನೀನು. ಅವಳು ಖಾಯಂ ಆಗಿ ಅಲ್ಲೇ ನಿಂತಳು. ಬೇಡ್ಕೊಂಡದ್ದು ಒಂದೂ ನಡೀಲಿಲ್ಲ. ಮತ್ತೆ ಯಾವ ಮುಖ ಇಟ್ಕೊಂಡು ರಂಗನಾಥನಿಗೆ ಗೊನೆ ಕೊಟ್ಟೆ? ನಿಜ ಹೇಳು, ಡೀಸಲ್ ತೀರ್ಲಿ ಅಂತ ದಾನೆ ಬೇಡ್ಕೊಂಡಿದ್ದು?”

ಅವಳು ನನ್ನ ಕೈಯಲ್ಲಿದ್ದ ಎಲೆಯನ್ನು ಎಳೆದುಕೊಂಡು, ದೊಡ್ಡ ಗೋಡಂಬಿಯನ್ನೆಲ್ಲ ಆರಿಸಿ ಬಾಯಿಗೆ ಹಾಕಿಕೊಂಡಳು.

“ಆಮಾ, ತೀರ್ಲಿ ಅಂತದಾನ್ ಬೇಡ್ಕೊಂಡೆ,” ಎಂದಳು. “ದಡ ಮುಟ್ಟಿದ ಮೇಲ ತೀರ್ಲಿ ಅಂತ.”